ನ್ಯಾನೊಟ್ಯೂಬ್ ಸಾಲಾಗಿ ಮಲಗಬೇಕಾದರೆ ಪಂಪಿನ ಜೋರು ತಗ್ಗಿಸಿ

ಪ್ರಶ್ನೆ: ನಾನು ಗಂಗಾವತಿಯವಳು, ಬಳ್ಳಾರಿಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಮಲ್ಟಿವಾಲ್ (ಹಲವು ಗೋಡೆಗಳ) ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳನ್ನು, ಸೋಪಿನ ನೀರಲ್ಲಿ ಕದಡಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಸೋಸಿದೆವು. ಕಪ್ಪು ಪದರವೇನೋ ಬಂತು. ಆದರೆ ಉದ್ದಕ್ಕೆ ಅಳೆದರೂ ಅಡ್ಡಕ್ಕೆ ಅಳೆದರೂ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಒಂದೇ. ಟ್ಯೂಬ್‌ಗಳನ್ನು ಒಂದೇ ದಿಕ್ಕಿಗೆ ಮಲಗಿಸುವುದು ಹೇಗೆ ಸರ್? ದೊಡ್ಡ ಯಂತ್ರ ಬೇಕಾ?

ಉತ್ತರ: ಸೋಸುವುದಕ್ಕೆ ಬೇಡ, ನಿಮ್ಮ ಸೆಟ್ಟೇ ಸಾಕು. ನಿಮ್ಮ ಪದರ ಈಗ ಭತ್ತ ಕೊಯ್ಯುವ ಮಷಿನ್ ಉಗುಳಿದ ಹುಲ್ಲಿನಂತಿದೆ. ನಿಮಗೆ ಬೇಕಿರುವುದು ಕೈಯಲ್ಲಿ ಕೊಯ್ದು ಕಟ್ಟಿದ ಸಿವುಡು.

ಮೊದಲು ಮಾಲು ಬದಲಿಸಿ. ಮಲ್ಟಿವಾಲ್ ಅಗ್ಗ, ನಿಜ. ಆದರೆ ಅವು ಸಾಮಾನ್ಯವಾಗಿ ಸೊಟ್ಟಗಿದ್ದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೆಟ್ಟಗಿರುವ ಸಿಂಗಲ್‌ವಾಲ್ (ಒಂದೇ ಗೋಡೆಯವು) ತೆಗೆದುಕೊಳ್ಳಿ. ನೀರಿಗೆ ಸೋಡಿಯಂ ಡಿಆಕ್ಸಿಕೋಲೇಟ್ ಎಂಬ ಸೋಪಿನಂಥ ವಸ್ತು ಹಾಕಿ, ಸದ್ದಿನ ಅಲೆಗಳಿಂದ ಅಲುಗಾಡಿಸುವ ಸೋನಿಕೇಟರ್‌ನಲ್ಲಿ ಟ್ಯೂಬ್‌ಗಳನ್ನು ಬಿಡಿಸಿ. ಹೈಸ್ಪೀಡ್ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ಉಳಿಸಿಕೊಳ್ಳಿ. ಆ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ ಬಯೋಟೆಕ್ ವಿಭಾಗದವರನ್ನು ಕೇಳಿ. ಆಮೇಲೆ ನೀರು ಬೆರೆಸಿ ಚೆನ್ನಾಗಿ ತೆಳು ಮಾಡಿ. ಡಿಆಕ್ಸಿಕೋಲೇಟ್ ಪ್ರಮಾಣವು ಅದರ ಅಣುಗಳು ಮೈಸೆಲ್ ಎಂಬ ಗುಂಪು ಕಟ್ಟುವ ಮಟ್ಟಕ್ಕಿಂತ ಕೆಳಗಿಳಿಯಲೇಬೇಕು.

ಇನ್ನು ಮುಖ್ಯ ಮಾತು, ವೇಗ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜುನಿಚಿರೊ ಕೋನೊ ತಂಡ 2016ರಲ್ಲಿ ಸುಮಾರು ಒಂದು ಇಂಚು ಅಗಲದ ಪದರದ ತುಂಬಾ ಟ್ಯೂಬ್‌ಗಳನ್ನು ಒಂದೇ ದಿಕ್ಕಿಗೆ ಮಲಗಿಸಿತು. ಅವರು ಸೋಸಿದ್ದು ಗಂಟೆಗೆ 1ರಿಂದ 2 ಮಿಲಿಲೀಟರ್ ಲೆಕ್ಕದಲ್ಲಿ! ಜೋರಾಗಿ ಎಳೆದರೆ ಟ್ಯೂಬ್ ಬಿದ್ದ ಹಾಗೇ ಅಂಟಿಕೊಳ್ಳುತ್ತದೆ. ನಿಧಾನಕ್ಕೆ ಇಳಿದರೆ ಪಕ್ಕದವುಗಳ ಜೊತೆ ಹೊಂದಿಕೊಂಡು ತಿರುಗಲು ಅದಕ್ಕೆ ಪುರುಸೊತ್ತು ಸಿಗುತ್ತದೆ. ನೀರೆಲ್ಲ ಇಳಿಯುತ್ತಾ ಬಂದಾಗ ಮಾತ್ರ ಪಂಪ್ ಜೋರು ಮಾಡಿ ಒಣಗಿಸಿ.

ಎಲ್ಲವೂ ಒಂದೇ ದಿಕ್ಕನ್ನು ಯಾಕೆ ಹಿಡಿಯುತ್ತವೆ? ಇದರ ಸುಳಿವು ಸಿಕ್ಕಿದ್ದು 2020ರಲ್ಲಿ. ಈ ಸೋಸುವಿಕೆಗೆ ಬಳಸುವ ಪಾಲಿಕಾರ್ಬೊನೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಟರ್ ತಯಾರಾಗುವಾಗಲೇ ಅದರ ಮೇಲೆ ಕಣ್ಣಿಗೆ ಕಾಣದ ಸಣ್ಣ ಗೀರುಗಳು ಬಿದ್ದಿರುತ್ತವೆ. ಟ್ಯೂಬ್‌ಗಳು ಆ ಗೀರುಗಳ ದಿಕ್ಕನ್ನೇ ಹಿಡಿಯುತ್ತವೆ. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು.

ಪದರವನ್ನು ಗಾಜಿಗೆ ಅಂಟಿಸಿ, ಫಿಲ್ಟರನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ. ಆವಿಯನ್ನು ಹೊರಗೆಳೆಯುವ ಫ್ಯೂಮ್‌ಹುಡ್ ಇಲ್ಲದೆ ಈ ಕೆಲಸ ಬೇಡವೇ ಬೇಡ. ಒಣ ಟ್ಯೂಬ್ ಪುಡಿಯನ್ನು ತೂಗುವುದೂ ಅಲ್ಲೇ, ಮಾಸ್ಕ್ ಹಾಕಿಕೊಂಡು.

ಪರೀಕ್ಷೆಗೆ ಎಲ್‌ಸಿಡಿ ಲ್ಯಾಪ್‌ಟಾಪ್ ಸಾಕು, ಅದರ ಪರದೆಯ ಬೆಳಕು ಒಂದೇ ದಿಕ್ಕಿಗೆ ಕಂಪಿಸುತ್ತದೆ. ಬಿಳಿ ಪರದೆಯ ಮುಂದೆ ಗಾಜು ಹಿಡಿದು ಮೆಲ್ಲಗೆ ತಿರುಗಿಸಿ. ಟ್ಯೂಬ್‌ಗಳು ತಮ್ಮ ಉದ್ದಕ್ಕೆ ಕಂಪಿಸುವ ಬೆಳಕನ್ನು ಜಾಸ್ತಿ ಹೀರುತ್ತವೆ. ಸಾಲು ಸರಿಯಾಗಿದ್ದರೆ ಪ್ರತಿ 90 ಡಿಗ್ರಿ ತಿರುಗಿಸಿದಾಗ ಪದರ ಒಮ್ಮೆ ಗಾಢವಾಗಿ, ಒಮ್ಮೆ ತಿಳಿಯಾಗಿ ಕಾಣುತ್ತದೆ. ಆ ಎರಡು ದಿಕ್ಕನ್ನು ಗುರುತು ಹಾಕಿಕೊಂಡು, ರೆಸಿಸ್ಟೆನ್ಸನ್ನು ಅವೆರಡರಲ್ಲೇ ಅಳೆಯಿರಿ.