ಲಂಡನ್–ನ್ಯೂಯಾರ್ಕ್‌ಗೆ ಆ ಫ್ಯೂಯಲ್ ಸಾಲಲ್ಲ ಸರ್

ಸರ್, ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ಸಿಮ್, ಕಂಪ್ಯೂಟರಲ್ಲಿ ವಿಮಾನ ಹಾರಿಸೋದು) ಲಂಡನ್‌ನಿಂದ ನ್ಯೂಯಾರ್ಕ್‌ಗೆ 5,540 ಕಿ.ಮೀ., ಅದನ್ನ ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದ್ರೆ ಆರು ಗಂಟೆ ಹತ್ತು ನಿಮಿಷ, ಅಷ್ಟಕ್ಕೆ ಮತ್ತು ಮೇಲೆ ಅರ್ಧ ಗಂಟೆಗೆ ಫ್ಯೂಯಲ್ ಹಾಕ್ಕೊಂಡು ಹೀಥ್ರೂ ಬಿಡ್ತೀನಿ ಅಂತ ಬರ್ದಿದ್ದೀರಲ್ಲ, ಓದಿ ತಲೆ ಚಚ್ಕೊಂಡೆ. ಯಾಕಂದ್ರೆ ಇದೇ ಲೆಕ್ಕ ಹಾಕಿ ನಾನೂ ಮಣ್ಣು ಮುಕ್ಕಿದೀನಿ.

ಫೆಬ್ರವರಿ, ಸಿಮ್‌ನಲ್ಲಿ ಬೋಯಿಂಗ್ 787, ಲೈವ್ ವೆದರ್ (ಆ ಹೊತ್ತಿನ ನಿಜವಾದ ಹವಾಮಾನ) ಆನ್. ಐರ್ಲೆಂಡ್ ದಾಟೋವರೆಗೂ ತೊಂದ್ರೆ ಇರ್ಲಿಲ್ಲ, ಆಮೇಲೆ ಎನ್‌ಡಿ (ದಾರಿ ತೋರ್ಸೋ ಪರದೆ) ಮೂಲೇಲಿ ನೋಡ್ತೀನಿ ಟಿಎಎಸ್ (ಗಾಳಿ ಒಳಗಿನ ವೇಗ) 488 ನಾಟ್, ಜಿಎಸ್ (ನೆಲದ ಮೇಲಿನ ವೇಗ) 379 ನಾಟ್. ಅಂದ್ರೆ ಗಂಟೆಗೆ 200 ಕಿ.ಮೀ. ಎದುರುಗಾಳಿ! ಕಮ್ಮಿ ಆಗುತ್ತೆ ಬಿಡು ಅಂತ ಎದ್ದು ಹೋದೆ, ವಾಪಸ್ ಬರೋಷ್ಟರಲ್ಲಿ ಎಫ್‌ಎಂಸಿ (ವಿಮಾನದ ಹಾರಾಟದ ಕಂಪ್ಯೂಟರ್) ಮೇಲೆ ಇನ್‌ಸಫಿಶಿಯೆಂಟ್ ಫ್ಯೂಯಲ್, ಅಂದ್ರೆ ಫ್ಯೂಯಲ್ ಸಾಲಲ್ಲ ಅಂತ ಬಂದು ಕೂತಿತ್ತು. ಕೊನೆಗೆ ಕೆನಡಾದ ಗ್ಯಾಂಡರ್‌ನಲ್ಲಿ ಇಳಿಸಿದೆ, ಟ್ಯಾಂಕಲ್ಲಿ ಐದು ಟನ್ನೂ ಉಳಿದಿರ್ಲಿಲ್ಲ.

ನೆಲದ ಮೇಲಿನ ದೂರ ಹಿಡ್ಕೊಂಡು ಟೈಮ್ ತೆಗಿಯೋದನ್ನ ಮೊದಲು ಬಿಡಿ. ವಿಮಾನ ಹೋಗೋದು ಗಾಳಿ ಒಳಗೆ, ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಹರಿಯೋ ಜೋರು ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಚಳಿಗಾಲದಲ್ಲಂತೂ ಕೇಳ್ಲೇಬೇಡಿ. 2020ರ ಫೆಬ್ರವರಿಯಲ್ಲಿ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತಲ್ಲ, ಅದೇ ಗಾಳಿ ನಿಮ್ಮ ಮುಖಕ್ಕೆ ಹೊಡೆದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಅದನ್ನ ತಪ್ಪಿಸ್ಕೊಳ್ಳೋಕೆ ಪಶ್ಚಿಮಕ್ಕೆ ಹೋಗೋರು ಇನ್ನೂ ಉತ್ತರಕ್ಕೆ ಸುತ್ತಿ ಹೋಗ್ತಾರೆ, ಟ್ರ್ಯಾಕ್‌ಗಳು (ಅಟ್ಲಾಂಟಿಕ್ ದಾಟೋ ದಾರಿಗಳು) ದಿನಾ ಬದಲಾಗ್ತವೆ, ಹಾಗಾಗಿ ಆ 5,540 ಕೂಡ ನಿಮ್ಗೆ ಸಿಗಲ್ಲ. ಬೇಸಿಗೇಲಿ ಇಷ್ಟು ಕಾಟ ಇಲ್ಲ, ಲೈವ್ ವೆದರ್ ಆಫ್ ಮಾಡಿದ್ರೆ ನಿಮ್ಮ ಲೆಕ್ಕಾನೂ ಹೆಚ್ಚುಕಮ್ಮಿ ನಡೆಯುತ್ತೆ, ಆದ್ರೆ ಆಫ್ ಮಾಡಿ ಹಾರಿಸೋದಕ್ಕೆ ಸಿಮ್ ಯಾಕೆ ಬೇಕು ಹೇಳಿ.

ಸಿಂಬ್ರೀಫ್ (ರೂಟು, ಫ್ಯೂಯಲ್ ಲೆಕ್ಕ ಹಾಕಿಕೊಡೋ ವೆಬ್‌ಸೈಟ್) ಫ್ರೀ ಇದೆ ಸ್ವಾಮಿ, ಅದನ್ನ ಹಾಕಿ. ಸಿಮ್ ಒಳಗಿರೋ ಪ್ಲ್ಯಾನರ್ ನಂಗೆ ಯಾವತ್ತೂ ನಂಬಿಕೆ ಬಂದಿಲ್ಲ. ಟ್ರಿಪ್ ಫ್ಯೂಯಲ್ (ಗುರಿ ಮುಟ್ಟೋಕೆ ಬೇಕಾದ್ದು) ಮೇಲೆ ಶೇ. 5 ಕಂಟಿಂಜೆನ್ಸಿ (ಅನಿರೀಕ್ಷಿತಕ್ಕೆ), ಆಲ್ಟರ್ನೇಟ್ (ಬೇರೆ ಏರ್‌ಪೋರ್ಟ್‌ಗೆ ಹೋಗ್ಬೇಕಾದ್ರೆ), ಅದರ ಮೇಲೆ 30 ನಿಮಿಷದ ಫೈನಲ್ ರಿಸರ್ವ್ (ಕೊನೇ ಮೀಸಲು), ನೆಲದ ಮೇಲೆ ಓಡೋ ಟ್ಯಾಕ್ಸಿದು ಬೇರೆ. ಹಾಗಂತ ಟ್ಯಾಂಕ್ ತುಂಬಾ ತುಂಬಿಸ್ಕೊಂಡೂ ಹೋಗ್ಬೇಡಿ, ಆ ಭಾರ ಹೊರೋಕೇ ಫ್ಯೂಯಲ್ ಖರ್ಚಾಗುತ್ತೆ, ಶುರುನಲ್ಲಿ ಹೆಚ್ಚು ಎತ್ತರಕ್ಕೂ ಏರಲ್ಲ.

ಇನ್ನೊಂದು, ಸ್ಪೀಡ್ ಟೇಪಲ್ಲಿ (ವೇಗ ತೋರ್ಸೋ ಪಟ್ಟಿ) 275 ನಾಟ್ ಇದೆ ವಿಮಾನ ನಿಧಾನ ಅಂತ ಹೋದ ವಾರ ಕೇಳಿದ್ದು ನೀವೇ ಅಲ್ವಾ? ಅದು ಐಎಎಸ್ (ಎದುರು ಬರೋ ಗಾಳಿಯ ಒತ್ತಡದಿಂದ ಅಳೆಯೋ ವೇಗ), ಅಷ್ಟು ಎತ್ತರದಲ್ಲಿ ಗಾಳಿ ತೆಳು, ಮ್ಯಾಕ್ .85 (ಶಬ್ದದ ವೇಗದ ಶೇ. 85) ಇದ್ರೆ ಅಷ್ಟೇ ತೋರ್ಸೋದು. ಮತ್ತೆ ಕಿ.ಮೀ. ಬಿಟ್ಟು ನಾಟಿಕಲ್ ಮೈಲ್‌ಗೆ ಬನ್ನಿ, 1.852ರಿಂದ ಭಾಗಿಸಿ. ಬರೀ ಮೈಲಿ ಅಂದ್ಕೊಂಡು 1.609 ಹಾಕಿದ್ರೆ ಅದು ಬೇರೆ ಎಡವಟ್ಟು, ಅದನ್ನೂ ಮಾಡಿದೀನಿ.

ಹೆಲ್ಸಿಂಕಿ–ಟೋಕಿಯೋ ಮುಂದಿನ್ದು ಅಂದ್ರಿ. ಗ್ಲೋಬ್ ಮೇಲೆ ದಾರ ಎಳೆದ್ರೆ ರಷ್ಯಾ ಮೇಲಿಂದ ಒಂಬತ್ತೂವರೆ ಗಂಟೆ ಅನ್ಸುತ್ತೆ, ಆದ್ರೆ 2022ರಲ್ಲಿ ಆ ದಾರಿ ಬಂದ್ ಆದ್ಮೇಲೆ ಫಿನ್ಲೆಂಡ್‌ನ ಫಿನ್‌ಏರ್ ವಿಮಾನಗಳಿಗೆ 13 ಗಂಟೆ ಹತ್ರ ಆಗ್ತಿದೆ. ನಿಜವಾದ ರೂಟಲ್ಲೇ ಹೋಗ್ತೀರೋ ಹಳೇದ್ರಲ್ಲೋ ಹೇಳಿ, ಹಳೇ ರೂಟಿನ ಪ್ಲ್ಯಾನ್ ನನ್ನ ಹತ್ರ ಇದೆ.