ಗ್ರಾಮ ಪಂಚಾಯ್ತಿಗೆ ನಿಲ್ಲಲು ಎಸ್ಸೆಸ್ಸೆಲ್ಸಿ ಕಡ್ಡಾಯ ಮಾಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುತ್ತದೆಯೇ?

ಓದಲು ಬಾರದವರು ಪಂಚಾಯ್ತಿಯ ಲೆಕ್ಕ ಹೇಗೆ ನೋಡುತ್ತಾರೆ ಅಂತ ನೀವು ಕೇಳಿದ್ದೀರಿ. 2020ರಲ್ಲಿ ನಾನೂ ಹೀಗೇ ವಾದಿಸುತ್ತಿದ್ದೆ.

ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕು. ಆ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ಓಣಿಯ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ನಮ್ಮ ದೊಡ್ಡವ್ವ ನಾಮಪತ್ರ ಹಾಕಿದಳು. ಹೆಬ್ಬೆಟ್ಟು ಒತ್ತುವಾಕಿ. ಆದರೆ ನರೇಗಾ ಕೆಲಸಕ್ಕೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದವಳು ಆಕೆಯೇ. ಯಾವ ಬದುವಿಗೆ ಯಾರು ಎಷ್ಟು ದಿನ ಬಂದರು, ಯಾರ ಪಗಾರ ಖಾತೆಗೆ ಬಿದ್ದಿಲ್ಲ, ಎಲ್ಲ ಬಾಯಿಪಾಠ. ಎದುರಿಗೆ ನಿಂತವರು ಒಬ್ಬರೇ, ಬಿ.ಎ. ಮುಗಿಸಿ ಸೊಸೆಯಾಗಿ ಬಂದವರು.

ನಾನು ದೊಡ್ಡವ್ವನಿಗೆ ನಾಮಪತ್ರ ವಾಪಸ್ ತಗೊ ಅಂದೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಯೋಚನೆ ನಿಮ್ಮ ಪ್ರಶ್ನೆಯೊಳಗೂ ಇದೆ. ‘ನಿನಗ ಓದಾಕ ಬರಂಗಿಲ್ಲ, ಯಾರರ ಸುಳ್ಳು ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡ್ರ ಕೇಸ್ ನಿನ್ನ ಮ್ಯಾಲೇ ಬೀಳತೈತಿ’ ಅಂತ ಹೆದರಿಸಿದೆ. ‘ಓದಿ ಹೇಳಾಕ ನೀ ಅದಿಯಲ್ಲೋ ತಮ್ಮಾ’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೂ ಬಿಡಲಿಲ್ಲ. ಕೊನೆಯ ದಿನ ಚುನಾವಣಾಧಿಕಾರಿ ಮುಂದೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದೆ. ಕಣದಲ್ಲಿ ಒಬ್ಬರೇ ಉಳಿದರು, ಅವಿರೋಧ ಆಯ್ಕೆ. ಆ ಸ್ಥಾನಕ್ಕೆ ಓಣಿಯವರು ಮತ ಹಾಕುವ ಪ್ರಸಂಗವೇ ಬರಲಿಲ್ಲ. ಕರ್ನಾಟಕದ ಕಾನೂನು ಪಂಚಾಯ್ತಿ ಸದಸ್ಯರಿಗೆ ವಿದ್ಯಾರ್ಹತೆ ಕೇಳುವುದಿಲ್ಲ. ಕೇಳಿದವನು ನಾನು. ಆಕೆ ಬೇಕೋ ಬೇಡವೋ ಅಂತ ಓಣಿ ಹೇಳುವ ಮೊದಲೇ ನಾನು ಹೇಳಿಬಿಟ್ಟೆ.

ಆಮೇಲೆ ಆ ಹೊಸ ಸದಸ್ಯೆಯನ್ನು ಮನೆಯವರು ಸಭೆಗೆ ಕಳಿಸಲಿಲ್ಲ. ಗಂಡ ಹೋಗುತ್ತಿದ್ದ, ಆಕೆ ಮನೆಯಲ್ಲಿ ಸಹಿ ಹಾಕುತ್ತಿದ್ದಳು. ಗೋವಾಕ್ಕೆ ದುಡಿಯಲು ಹೋದವರ ಹೆಸರು ನರೇಗಾ ಕೂಲಿಕಾರರ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಬಂತು, ಬಿಸಿಲಲ್ಲಿ ಮಣ್ಣು ಹೊತ್ತವರ ಹೆಸರು ಬಿಟ್ಟುಹೋಯಿತು. ನಮ್ಮವ್ವನ ಪಗಾರವೂ ಹೋಯಿತು. ದೊಡ್ಡವ್ವ ಸಭೆಯಲ್ಲಿ ಕೂತಿದ್ದರೆ ಒಂದೊಂದು ಹೆಸರೂ ಓದಿಸಿ ‘ಇವ ಊರಾಗ ಎಲ್ಲಿದ್ದ?’ ಅಂತ ಕೇಳುತ್ತಿದ್ದಳು. ಕಾಗದ ಬರೆಯಲು, ಓದಿ ಹೇಳಲು ಸರ್ಕಾರ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಸಂಬಳ ಕೊಡುತ್ತದೆ. ಸದಸ್ಯರ ಕೆಲಸ ಕೇಳುವುದು.

ಹರಿಯಾಣದಲ್ಲಿ 2015ರಲ್ಲಿ ಇದನ್ನೇ ಕಾನೂನು ಮಾಡಿದರು. ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ತರಗತಿ, ಹೆಂಗಸರಿಗೆ ಎಂಟು, ಪಂಚ್ (ಪಂಚಾಯ್ತಿ ಸದಸ್ಯ) ಸ್ಥಾನಕ್ಕೆ ನಿಲ್ಲುವ ದಲಿತ ಹೆಂಗಸರಿಗೆ ಐದು. ಜೊತೆಗೆ ಮನೆಯಲ್ಲಿ ಶೌಚಾಲಯ ಇರಬೇಕು, ಕರೆಂಟ್ ಬಿಲ್ ಬಾಕಿ ಇರಬಾರದು. ಅದೇ ವರ್ಷ ಡಿಸೆಂಬರ್‌ನಲ್ಲಿ, ಈ ಕಾನೂನನ್ನು ಪ್ರಶ್ನಿಸಿದ್ದ ರಾಜಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ತಪ್ಪು ಅಂತಲೇ ನನ್ನ ಅಭಿಪ್ರಾಯ. ಊರಿಗೆ ಶಾಲೆ ಕೊಡದ ಸರ್ಕಾರ, ಶಾಲೆಗೆ ಹೋಗದವಳನ್ನು ಅನರ್ಹ ಅನ್ನುವುದು ಯಾವ ನ್ಯಾಯ? ಇಂಥದೇ ನಿಯಮ ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟಿತು. ಶಾಸಕರಿಗೂ ಸಂಸದರಿಗೂ ಈ ಷರತ್ತು ಇಲ್ಲ. ಗಂಭೀರ ಆರೋಪದ ಕೇಸು ನಡೆಯುತ್ತಿದ್ದರೂ, ಶಿಕ್ಷೆ ಆಗುವತನಕ ವಿಧಾನಸಭೆಗೆ ನಿಲ್ಲಬಹುದು.

ವಯಸ್ಸಿನ ಮಿತಿಗೆ ನನ್ನ ತಕರಾರಿಲ್ಲ. ಪಂಚಾಯ್ತಿಗೆ 21, ವಿಧಾನಸಭೆಗೆ 25, ಕಾಯ್ದರೆ ಎಲ್ಲರಿಗೂ ಬರುತ್ತದೆ. ಎಸ್ಸೆಸ್ಸೆಲ್ಸಿ ನಮ್ಮ ದೊಡ್ಡವ್ವನಿಗೆ ಎಷ್ಟು ಕಾಯ್ದರೂ ಬರುವುದಿಲ್ಲ.

ನಿಮ್ಮ ವಾರ್ಡಿನಲ್ಲಿ ಅಂಥವರು ಯಾರಾದರೂ ನಿಲ್ಲುತ್ತೇನೆ ಅಂದರೆ ತಡೆಯಬೇಡಿ. ಮತದಾರರ ಪಟ್ಟಿಯಲ್ಲಿ ಅವರ ಹೆಸರು ನೋಡಿ, ಪಂಚಾಯ್ತಿ ತೆರಿಗೆ ಬಾಕಿ ಕಟ್ಟಿಸಿ ರಸೀದಿ ಇಟ್ಟುಕೊಳ್ಳಿ, ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿ. ನಾಮಪತ್ರ ಪರಿಶೀಲನೆಯ ದಿನ ಜೊತೆಗೆ ಹೋಗಿ. ಗೆದ್ದರೆ, ಪ್ರತಿ ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿ ಕಾಗದ ಓದಿ ಹೇಳಿ.