ರೊಟ್ಟಿ ಬಿಡಬೇಡಿ, ಕಾಳಿನ ಡಬ್ಬಿ ದೊಡ್ಡದು ಮಾಡಿ

ಪ್ರಶ್ನೆ: ಮೇಡಂ, ನನಗೆ 24 ವರ್ಷ, ತೂಕ 62 ಕೆಜಿ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮಷೀನ್ ಮೇಲೆ ಕೆಲಸ. ಆರು ತಿಂಗಳಿಂದ ಡ್ಯೂಟಿ ಮುಗಿಸಿ ಜಿಮ್‌ಗೆ ಹೋಗುತ್ತಿದ್ದೇನೆ. ಎತ್ತುವ ಭಾರ ಹೆಚ್ಚಾಗಿದೆ, ಆದರೆ ಮೈ ತುಂಬುತ್ತಿಲ್ಲ. ಅವ್ವ ದಿನಾ ಮೂರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಕೊಡುತ್ತಾಳೆ. ಜಿಮ್‌ನಲ್ಲಿ ಎಲ್ಲರೂ ‘ರೊಟ್ಟಿ ಬಿಡು, ಪ್ರೋಟೀನ್ ಪೌಡರ್ ತಗೋ’ ಅಂತಾರೆ. ತತ್ತಿ ತಿನ್ನುತ್ತೇನೆ. ಡಬ್ಬಿಯಲ್ಲಿ ಏನು ಒಯ್ಯಲಿ?

ಉತ್ತರ: ರೊಟ್ಟಿ ಬಿಡಬೇಡಿ. ಅವ್ವ ಕಟ್ಟುವ ಡಬ್ಬಿಯಲ್ಲಿ ಏನೂ ತಪ್ಪಿಲ್ಲ, ಒಂದು ಪದಾರ್ಥ ಕಡಿಮೆ ಬಿದ್ದಿದೆ ಅಷ್ಟೇ.

ನಿಮ್ಮ ಡಬ್ಬಿಯನ್ನೇ ತೆರೆದು ಸ್ನಾಯು ಕಟ್ಟುವ ಪ್ರೋಟೀನಿನ ಲೆಕ್ಕ ಹಾಕೋಣ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂದುಕೊಳ್ಳಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ. ಹಾಗಾಗಿ ಮೂರು ರೊಟ್ಟಿಯಿಂದ 15 ಗ್ರಾಂ ಸಿಕ್ಕಿತು. ಬದನೆಕಾಯಿ ಪಲ್ಯದಿಂದ ಒಂದೆರಡು ಗ್ರಾಂ. ಹಿಂಡಿ ಒಂದು ಚಮಚ, ಅದರಿಂದ 2 ಗ್ರಾಂ. ಎಲ್ಲ ಸೇರಿ 20ರ ಒಳಗೇ ನಿಂತಿತು.

ಈಗ ಬೇಕಾದದ್ದು ಎಷ್ಟು? ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಭಾರ ಎತ್ತಿ ಮೈ ಕಟ್ಟುವವರಿಗೆ ಅದು ಸಾಲದು, ಸುಮಾರು 1.6 ಗ್ರಾಂ ಬೇಕು. ನಿಮ್ಮ 62 ಕೆಜಿಗೆ ಅದು ಹೆಚ್ಚು ಕಡಿಮೆ 100 ಗ್ರಾಂ ಆಗುತ್ತದೆ. ಅಷ್ಟನ್ನೂ ರಾತ್ರಿ ಒಂದೇ ಊಟಕ್ಕೆ ತುಂಬಲು ಆಗಲ್ಲ. ಮಧ್ಯಾಹ್ನದ ಡಬ್ಬಿಯೇ 30ರಿಂದ 40 ಗ್ರಾಂ ಹೊರಬೇಕು.

ಬದನೆಕಾಯಿ ಇರಲಿ, ಆದರೆ ಅದನ್ನು ಸಣ್ಣ ಡಬ್ಬಿಗೆ ಸರಿಸಿ. ದೊಡ್ಡ ಡಬ್ಬಿ ಕಾಳಿನ ಪಲ್ಯಕ್ಕೆ. ಮಡಕಿ, ಹೆಸರು, ಅಲಸಂದಿ, ಹುರಳಿ ಯಾವುದಾದರೂ ಆದೀತು. ಒಣ ಕಾಳು 50 ಗ್ರಾಂ, ಅಂದರೆ ಒಂದು ಹಿಡಿಗಿಂತ ಸ್ವಲ್ಪ ಜಾಸ್ತಿ. ನೆನೆದು ಮೊಳಕೆ ಬಂದ ಮೇಲೆ ಅದು ಒಂದು ದೊಡ್ಡ ಬಟ್ಟಲು ತುಂಬುತ್ತದೆ. ಅದರಲ್ಲಿ 11 ಗ್ರಾಂ ಪ್ರೋಟೀನ್. ಹಿಂಡಿಯನ್ನು ಎರಡು ದೊಡ್ಡ ಚಮಚ ಮಾಡಿ, ಮೇಲೆ ಎರಡು ಬೇಯಿಸಿದ ತತ್ತಿ ಇಡಿ. ಒಂದು ತತ್ತಿಗೆ 6 ಗ್ರಾಂ ಲೆಕ್ಕ. ಈಗ ಕೂಡಿಸಿ ನೋಡಿ, 40 ದಾಟಿತು, ಅಲ್ವಾ?

ಜೋಳ ಮತ್ತು ಕಾಳಿನ ಜೋಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪ್ರೋಟೀನ್ ಅನ್ನುವುದು ಹಲವು ಅಮೈನೋ ಆಮ್ಲಗಳ ಸರಪಳಿ. ಜೋಳದಲ್ಲಿ ಲೈಸೀನ್ ಎಂಬ ಕೊಂಡಿ ಕಡಿಮೆ. ಕಾಳಿನಲ್ಲಿ ಅದು ಬೇಕಾದಷ್ಟಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನೀನ್ ಜೋಳದಿಂದ ಬರುತ್ತದೆ. ರೊಟ್ಟಿಯ ಜೊತೆ ಕಾಳು ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಅಜ್ಜಿಯರಿಗೆ ಲೈಸೀನ್ ಹೆಸರು ಗೊತ್ತಿರಲಿಲ್ಲ, ಆದರೂ ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿ ಜೊತೆ ಕಾಳುಪಲ್ಯ ಇದ್ದೇ ಇರುತ್ತಿತ್ತು.

ಮೂರು ರೊಟ್ಟಿಯಿಂದ ಸುಮಾರು 500 ಕ್ಯಾಲೊರಿ ಸಿಗುತ್ತದೆ. ಎಂಟು ತಾಸು ಮಷೀನ್ ಮುಂದೆ ನಿಂತು, ಆಮೇಲೆ ಜಿಮ್‌ಗೆ ಹೋಗುವ ದೇಹಕ್ಕೆ ಅದು ಬೇಕೇ ಬೇಕು. ಅದನ್ನು ಬಿಟ್ಟರೆ ದೇಹ ಪ್ರೋಟೀನನ್ನೇ ಉರುವಲು ಮಾಡಿಕೊಳ್ಳುತ್ತದೆ, ಸ್ನಾಯುವಿಗೆ ಹೋಗಬೇಕಾದದ್ದು ಸುಮ್ನೆ ಸುಟ್ಟುಹೋಗುತ್ತದೆ. ಆರು ತಿಂಗಳಾದರೂ ಮೈ ತುಂಬಿಲ್ಲ ಅಂದರೆ ನಿಮಗೆ ಒಟ್ಟು ಊಟವೂ ಸಾಲದಿರಬಹುದು. ಸಾಧ್ಯವಾದರೆ ನಾಲ್ಕನೇ ರೊಟ್ಟಿ ಸೇರಿಸಿ. ಜಿಮ್‌ಗೆ ಹೋಗುವ ಒಂದು ತಾಸು ಮೊದಲು ಒಂದು ಹಿಡಿ ಪುಟಾಣಿ (ಹುರಿಗಡಲೆ), ಒಂದು ಬಾಳೆಹಣ್ಣು ತಿನ್ನಿ.

ದಯವಿಟ್ಟು ಅವ್ವನಿಗೆ ಹೊಸ ಕೆಲಸ ಹಚ್ಚಬೇಡಿ. ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಕಾಳು ನೀವೇ ನೆನೆಹಾಕಿ. ರಾತ್ರಿ ಬಂದು ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿಡಿ. ಬೆಳಗಾಗುವ ಹೊತ್ತಿಗೆ ಮಡಕಿ ಕಾಳು ಬಿಳಿ ಬಾಲ ಬಿಟ್ಟಿರುತ್ತದೆ. ಒಗ್ಗರಣೆಗೆ ಹಾಕಿ ಚೆನ್ನಾಗಿ ಬೇಯಿಸಿದರೆ ಆಯಿತು. ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಚಹಾ ಇದಕ್ಕೆ ವಿರುದ್ಧ. ಉಂಡು ಕೈ ತೊಳೆದ ಕೂಡಲೇ ಕ್ಯಾಂಟೀನಿನ ಚಹಾ ಕುಡಿಯುವ ರೂಢಿ ಇದ್ದರೆ ಒಂದು ತಾಸು ಮುಂದೂಡಿ.

ಬೇಸಿಗೆಯಲ್ಲಿ ತತ್ತಿಯನ್ನು ಡಬ್ಬಿಗೆ ಹಾಕದೆ ಬೆಳಗಿನ ನಾಷ್ಟಾಕ್ಕೇ ತಿಂದುಬಿಡಿ. ರಾತ್ರಿ ಉಳಿದ ಚಿಕನ್ ಸಾರನ್ನು ತಣ್ಣಗೇ ಡಬ್ಬಿಗೆ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ.

ಪೌಡರ್ ವಿಷವಲ್ಲ. ಹಾಲಿನಿಂದ ತೆಗೆದ ಪ್ರೋಟೀನ್ ಅದು. ಅಳತೆ ಚಮಚ ಒಂದಕ್ಕೆ ಸುಮಾರು 24 ಗ್ರಾಂ ಸಿಗುತ್ತದೆ, ಆದರೆ ಅದಿಲ್ಲದೆಯೂ ಮೈ ಕಟ್ಟಬಹುದು. ಮೊದಲು ಮೂರು ತಿಂಗಳು ಈ ಡಬ್ಬಿ ಉಂಡು ನೋಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು, ಅದು ಪೌಡರ್ ಆಗಲಿ, ಕಾಳಾಗಲಿ.

ಪ್ರಶ್ನೆ: ನಾನು ವಿಜಯಪುರದವಳು, ವಯಸ್ಸು 31, ತೂಕ 55 ಕೆಜಿ. ಶುದ್ಧ ಸಸ್ಯಾಹಾರಿ, ತತ್ತಿಯನ್ನೂ ಮುಟ್ಟುವುದಿಲ್ಲ. ವಾರಕ್ಕೆ ನಾಲ್ಕು ದಿನ ವೇಟ್ ಟ್ರೇನಿಂಗ್ ಮಾಡುತ್ತೇನೆ. ಬೆಳಗ್ಗೆ ಎಂಟಕ್ಕೆ ಕಟ್ಟಿದ ಡಬ್ಬಿ ತೆರೆಯುವುದು ಒಂದೂವರೆಗೆ. ಏಪ್ರಿಲ್ ಬಂದರೆ ಪಲ್ಯ ಹಳಸುತ್ತದೆ, ಮೊಸರು ಹುಳಿಯಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. 32 ಡಿಗ್ರಿಗಿಂತ ಹೆಚ್ಚು ಸೆಕೆ ಇದ್ದರೆ ನೀರಿನಂಶದ ಅಡುಗೆಯನ್ನು ಒಂದು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು ಎನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಹಾಗಾಗಿ ಬೇಸಿಗೆಯಲ್ಲಿ ಒಣ ಡಬ್ಬಿಯೇ ಸರಿ. ಅದಕ್ಕೆ ಬೇಕಾದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇವೆಲ್ಲ ವಾರಗಟ್ಟಲೆ ಕೆಡಲ್ಲ. ಜೊತೆಗೆ 50 ಗ್ರಾಂ ಕಡಲೆಹಿಟ್ಟಿನ ಝುಣಕ, ಉದುರುದುರಾಗಿ, ನೀರು ಪೂರ್ತಿ ಇಂಗುವ ತನಕ ಹುರಿದದ್ದು. ಅದರಲ್ಲೇ 11 ಗ್ರಾಂ ಪ್ರೋಟೀನ್. ಹಸಿ ಉಳ್ಳಾಗಡ್ಡಿ, ಹಸಿ ಕೊಬ್ಬರಿ ಅದಕ್ಕೆ ಬೆರೆಸಬೇಡಿ, ಬೇಗ ಕೆಡುತ್ತವೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಆಮೇಲೆ ಮುಚ್ಚಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹಬೆ ನೀರಾಗಿ ಝುಣಕದ ಮೇಲೇ ತೊಟ್ಟಿಕ್ಕುತ್ತದೆ, ಹಳಸುವುದು ಅಲ್ಲಿಂದಲೇ ಶುರು.

ಮೊಸರಿಗೆ ಒಂದು ಉಪಾಯ ಇದೆ. ನಾನೇ ವರ್ಷಗಟ್ಟಲೆ ಮಾಡಿದ್ದೇನೆ. ಮೊಸರು ಒಯ್ಯಬೇಡಿ, ಹಾಲು ಒಯ್ಯಿರಿ. ಕಾಯಿಸಿದ ಹಾಲನ್ನು ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿಸಿ, ಒಂದು ಚಮಚ ಹೆಪ್ಪು ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಅಲುಗಾಡದ ಕಡೆ ಇಡಿ. ನಿಮ್ಮನ್ನು ಕಾಡುವ ಆ ಸೆಕೆಯೇ ಮಧ್ಯಾಹ್ನದ ಹೊತ್ತಿಗೆ ಅದನ್ನು ಗಟ್ಟಿ, ಸಿಹಿ ಮೊಸರು ಮಾಡಿರುತ್ತದೆ. 200 ಮಿಲಿ ಹಾಲಿನಿಂದ 6 ಗ್ರಾಂ ಪ್ರೋಟೀನ್. ಎರಡು ರೊಟ್ಟಿ, ಝುಣಕ, ಹಿಂಡಿ, ಈ ಮೊಸರು ಸೇರಿದರೆ 25ರಿಂದ 30 ಗ್ರಾಂ ಆಗುತ್ತದೆ. ದಿನಕ್ಕೆ ನಿಮಗೆ ಬೇಕಾದದ್ದು ಸುಮಾರು 88 ಗ್ರಾಂ. ರಾತ್ರಿ ಮನೆಯಲ್ಲಿ 30 ಗ್ರಾಂ ಸೋಯಾ ಚಂಕ್ಸ್ ಅನ್ನು ಬಿಸಿನೀರಲ್ಲಿ ನೆನೆಸಿ, ನೀರು ಹಿಂಡಿ ತೆಗೆದು, ಪಲ್ಯ ಮಾಡಿಕೊಳ್ಳಿ. ಅದರಿಂದ ಇನ್ನೊಂದು 15 ಗ್ರಾಂ ಬರುತ್ತದೆ.

ಪನೀರ್ ಒಯ್ಯಲೇಬೇಕು ಅನಿಸಿದರೆ, ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ನೀರಿನ ಬಾಟಲಿಯನ್ನು ಡಬ್ಬಿಯ ಜೊತೆ ಥರ್ಮಲ್ ಚೀಲದಲ್ಲಿ ಇಡಿ. ಮೊಳಕೆ ಕಾಳನ್ನು ಹಸಿಯಾಗಿ ಮಾತ್ರ ಒಯ್ಯಬೇಡಿ. ಮೊಳಕೆ ಬರಿಸುವ ಬೆಚ್ಚನೆಯ ತೇವದಲ್ಲೇ ರೋಗಾಣುಗಳೂ ಬೆಳೆಯುತ್ತವೆ.

ಪ್ರಶ್ನೆ: ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಪ್ರೋಟೀನ್ ಬಾರ್ ಬದಲಿಗೆ ಅಮೀನಗಡದ ಕರದಂಟು ತಿನ್ನಬಹುದಾ?

ಉತ್ತರ: ತಿನ್ನಬಹುದು, ಆದರೆ ಪ್ರೋಟೀನ್ ಲೆಕ್ಕಕ್ಕೆ ಅಲ್ಲ. ಕರದಂಟಿನಲ್ಲಿ ಬೆಲ್ಲ, ಕರಿದ ಅಂಟು, ಒಣಕೊಬ್ಬರಿ ಇರುತ್ತವೆ. ಇವು ಶಕ್ತಿ ಕೊಡುತ್ತವೆ. ಪ್ರೋಟೀನ್ ಬರುವುದು ಬಾದಾಮಿ, ಗೋಡಂಬಿಯಿಂದ ಮಾತ್ರ, ಅದೂ ಸ್ವಲ್ಪ. ವ್ಯಾಯಾಮಕ್ಕೆ ಒಂದು ತಾಸು ಮೊದಲು ಒಂದು ಸಣ್ಣ ತುಂಡು ಸಾಕು. ಜೊತೆಗೆ ಒಂದು ಹಿಡಿ ಪುಟಾಣಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಕರದಂಟು ಬಿಟ್ಟು ಬರೀ ಪುಟಾಣಿ ತಿನ್ನಿ.